ಹತ್ಯೆಯ ಹಿಂದೆ ಬಂದ ಕಾವಲು: ಅಮೆರಿಕದ ಅಧ್ಯಕ್ಷರ ಭದ್ರತೆ ರೂಪುಗೊಂಡ ಬಗೆ

ಅಮೆರಿಕದ ಅಧ್ಯಕ್ಷರನ್ನು ಇಂದು ಕಾಯುವ ಸೀಕ್ರೆಟ್ ಸರ್ವಿಸ್ ಹುಟ್ಟಿದ್ದು 1865ರ ಜುಲೈ 5ರಂದು, ಅಂದರೆ ಅಬ್ರಹಾಂ ಲಿಂಕನ್ ಹತ್ಯೆಯಾಗಿ ಮೂರು ತಿಂಗಳು ತುಂಬುವ ಮೊದಲೇ. ಈ ಎರಡು ಘಟನೆಗಳನ್ನು ಒಟ್ಟಿಗೆ ಓದಿದವರು ಮೊದಲನೆಯದರಿಂದಲೇ ಎರಡನೆಯದು ಹುಟ್ಟಿತು ಎಂದುಕೊಳ್ಳುವುದು ಸಹಜ. ಆದರೆ ನಡೆದದ್ದು ಹಾಗಲ್ಲ. ಅಂತರ್ಯುದ್ಧದ ಕೊನೆಯ ವೇಳೆಗೆ ಅಮೆರಿಕದಲ್ಲಿ ಚಲಾವಣೆಯಲ್ಲಿದ್ದ ನೋಟುಗಳಲ್ಲಿ ಮೂರನೇ ಒಂದು ಭಾಗದಷ್ಟು ಖೋಟಾ ಎಂಬ ಅಂದಾಜಿತ್ತು, ಮತ್ತು ಆ ಜಾಲವನ್ನು ಹಿಡಿಯುವುದಕ್ಕೆಂದೇ ಖಜಾನೆ ಇಲಾಖೆ ಈ ಪತ್ತೇದಾರಿ ದಳವನ್ನು ಕಟ್ಟಿತು. ಅಧ್ಯಕ್ಷರ ಪ್ರಾಣ ಕಾಯುವ ಪೂರ್ಣ ಹೊಣೆ ಅದಕ್ಕೆ ಬಂದದ್ದು 1902ರಲ್ಲಿ, ಮೂವರು ಅಧ್ಯಕ್ಷರು ಗುಂಡಿಗೆ ಬಲಿಯಾದ ಮೇಲೆ. ಆ ಹೊಣೆಗೆ ಶಾಶ್ವತವಾದ ಕಾನೂನಿನ ಆಧಾರ ಪೂರ್ಣವಾಗಿ ದೊರೆತದ್ದು 1951ರಲ್ಲಿ. ಅಧ್ಯಕ್ಷರನ್ನು ಕೊಲ್ಲುವುದು ಕೇಂದ್ರ ಸರ್ಕಾರದ ಕಾನೂನಿನಡಿ ಅಪರಾಧವಾದದ್ದಂತೂ 1965ರಲ್ಲಿ, ನಾಲ್ಕನೆಯವರೂ ಹತರಾದ ಬಳಿಕ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂಬ ಗಾದೆ ನಮ್ಮಲ್ಲಿದೆ. ಅಮೆರಿಕದಲ್ಲಿ ಮೊದಲ ಎರಡು ಸಲ ಸೂರೆ ಹೋದ ಮೇಲೂ ಬಾಗಿಲು ತೆರೆದೇ ಇತ್ತು.

ಇದಕ್ಕೆ ಕಾರಣ ಕೇವಲ ಅಜಾಗರೂಕತೆಯಲ್ಲ. ದೊರೆತನವನ್ನು ಧಿಕ್ಕರಿಸಿ ಹುಟ್ಟಿದ ದೇಶದಲ್ಲಿ ಅಧ್ಯಕ್ಷನ ಸುತ್ತ ಆಯುಧಧಾರಿಗಳು ನಿಲ್ಲುವುದೇ ಒಂದು ಅಪಚಾರವೆಂಬ ಭಾವನೆ ಬಲವಾಗಿತ್ತು. 1801ರಲ್ಲಿ ಥಾಮಸ್ ಜೆಫರ್ಸನ್ ಪ್ರಮಾಣವಚನಕ್ಕೆ ನಡೆದುಕೊಂಡೇ ಹೋದರು. ಹೊಸ ವರ್ಷದ ದಿನ ಸಾಮಾನ್ಯ ಜನ ಶ್ವೇತಭವನಕ್ಕೆ ಬಂದು ಅಧ್ಯಕ್ಷರ ಕೈಕುಲುಕಿ ಹೋಗುವ ಪದ್ಧತಿ 1930ರ ದಶಕದ ಆರಂಭದವರೆಗೂ ಉಳಿದಿತ್ತು. 1835ರಲ್ಲಿ ಆಂಡ್ರ್ಯೂ ಜಾಕ್ಸನ್ ಅವರತ್ತ ಒಬ್ಬಾತ ಎರಡು ಪಿಸ್ತೂಲುಗಳನ್ನು ಒಂದಾದ ಮೇಲೊಂದರಂತೆ ಹಾರಿಸಲು ಯತ್ನಿಸಿದ. ಎರಡೂ ಸಿಡಿಯಲಿಲ್ಲ, ಮತ್ತು ಅರವತ್ತೇಳು ವರ್ಷದ ಅಧ್ಯಕ್ಷರು ತಾವೇ ಊರುಗೋಲೆತ್ತಿ ಅವನ ಮೇಲೆ ಏರಿಹೋದರು. ಅಷ್ಟಾದರೂ ಕಾವಲಿನ ವ್ಯವಸ್ಥೆ ಬದಲಾಗಲಿಲ್ಲ. 1842ರಲ್ಲಿ ರಾಜಧಾನಿಯ ಸಾರ್ವಜನಿಕ ಕಟ್ಟಡಗಳಿಗೆಂದು ಒಂದು ಸಣ್ಣ ಕಾವಲು ದಳವನ್ನು ರಚಿಸಹೊರಟಾಗಲೂ, ಅದೇ ಬೆಳೆದು ಅಧ್ಯಕ್ಷನ ಖಾಸಗಿ ಸೈನ್ಯವಾದೀತೆಂಬ ಆತಂಕ ಸಂಸತ್ತಿನ ಮೇಲ್ಮನೆಯಾದ ಸೆನೆಟ್‌ನಲ್ಲಿ ಕೇಳಿಬಂತು.

ಲಿಂಕನ್ ಅವರಿಗೆ ಅಪಾಯವಿದೆ ಎಂಬುದು ಗುಟ್ಟಾಗಿರಲಿಲ್ಲ. 1861ರ ಫೆಬ್ರವರಿಯಲ್ಲಿ ಅಧಿಕಾರ ವಹಿಸಿಕೊಳ್ಳಲು ವಾಷಿಂಗ್ಟನ್‌ಗೆ ಬರುವಾಗಲೇ ಬಾಲ್ಟಿಮೋರ್‌ನಲ್ಲಿ ಸಂಚಿದೆಯೆಂದು ಖಾಸಗಿ ಪತ್ತೇದಾರ ಅಲನ್ ಪಿಂಕರ್ಟನ್ ಎಚ್ಚರಿಸಿದ್ದರಿಂದ ಅವರು ರಾತ್ರೋರಾತ್ರಿ ಗುರುತು ಮರೆಸಿಕೊಂಡು ಆ ನಗರವನ್ನು ದಾಟಬೇಕಾಯಿತು. ಪತ್ರಿಕೆಗಳು ಅದನ್ನು ಹೇಡಿತನವೆಂದು ಗೇಲಿ ಮಾಡಿದವು, ಆ ಗೇಲಿ ಲಿಂಕನ್ ಅವರನ್ನು ಚುಚ್ಚಿತು. ಮುಂದೆ ಅವರು ಕಾವಲಿನ ವಿಷಯದಲ್ಲಿ ತೋರಿದ ಉದಾಸೀನಕ್ಕೆ ಇದೂ ಒಂದು ಕಾರಣವಾಗಿರಬಹುದು. 1864ರ ಕೊನೆಯಲ್ಲಿ ವಾಷಿಂಗ್ಟನ್ ನಗರದ ನಾಲ್ವರು ಪೊಲೀಸರನ್ನು ಅವರ ರಕ್ಷಣೆಗೆ ನೇಮಿಸಲಾಯಿತು. 1865ರ ಏಪ್ರಿಲ್ 14ರ ರಾತ್ರಿ ಫೋರ್ಡ್ ರಂಗಮಂದಿರದಲ್ಲಿ ಆ ಸರದಿ ಜಾನ್ ಪಾರ್ಕರ್ ಎಂಬ ಪೊಲೀಸನದಾಗಿತ್ತು, ಮತ್ತು ಅವನು ಅಧ್ಯಕ್ಷರು ಕುಳಿತ ಬಾಕ್ಸಿನ ಬಳಿಯ ತನ್ನ ಜಾಗದಲ್ಲಿರಲಿಲ್ಲ. ಹಾಗೆಂದು ಅವನು ಅಲ್ಲೇ ಇದ್ದಿದ್ದರೆ ಲಿಂಕನ್ ಉಳಿಯುತ್ತಿದ್ದರು ಎಂದು ಹೇಳುವಂತಿಲ್ಲ. ಹಂತಕ ಜಾನ್ ವಿಲ್ಕ್ಸ್ ಬೂತ್ ಹೆಸರಾಂತ ನಟ, ಆ ರಂಗಮಂದಿರದ ಮೂಲೆಮೂಲೆ ಬಲ್ಲವನು. ಅಂಥವನು ಅಧ್ಯಕ್ಷರನ್ನು ಕಾಣಬೇಕೆಂದರೆ ತಡೆಯಬೇಕೆಂಬ ನಿಯಮವನ್ನೇ ಯಾರೂ ಮಾಡಿರಲಿಲ್ಲ. ಕರ್ತವ್ಯಲೋಪದ ಆರೋಪದಿಂದ ಪಾರಾದ ಪಾರ್ಕರ್ ಮೂರು ವರ್ಷ ಅದೇ ಕೆಲಸದಲ್ಲಿ ಮುಂದುವರಿದ. ಆಗ ದೇಶ ಈ ಕೊಲೆಯನ್ನು ಯುದ್ಧದ ಕೊನೆಯ ಹೊಡೆತವೆಂದು ಬಗೆಯಿತು. ಯುದ್ಧ ಮುಗಿದ ಮೇಲೆ ಇಂಥದ್ದು ಮರುಕಳಿಸದು ಎಂಬ ನಂಬಿಕೆಯಲ್ಲಿ ವಿಷಯ ಅಲ್ಲಿಗೇ ನಿಂತಿತು.

ಆ ನಂಬಿಕೆ ಹದಿನಾರು ವರ್ಷ ಬಾಳಿತು. 1881ರ ಜುಲೈ 2ರಂದು ಜೇಮ್ಸ್ ಗಾರ್ಫೀಲ್ಡ್ ವಾಷಿಂಗ್ಟನ್‌ನ ರೈಲು ನಿಲ್ದಾಣದೊಳಗೆ ನಡೆದು ಬರುತ್ತಿದ್ದಾಗ ಚಾರ್ಲ್ಸ್ ಗಿಟೋ ಹಿಂದಿನಿಂದ ಗುಂಡು ಹಾರಿಸಿದ. ಅಧ್ಯಕ್ಷರ ಜೊತೆಯಲ್ಲಿ ವಿದೇಶಾಂಗ ಕಾರ್ಯದರ್ಶಿಯಿದ್ದರೇ ಹೊರತು ಒಬ್ಬ ಕಾವಲುಗಾರನೂ ಇರಲಿಲ್ಲ. ಕೊಲೆಯಿಂದ ರಕ್ಷಣೆ ಪಡೆಯುವುದು ಸಿಡಿಲಿನಿಂದ ರಕ್ಷಣೆ ಪಡೆದಷ್ಟೇ ಅಸಾಧ್ಯ, ಆದ್ದರಿಂದ ಎರಡರ ಬಗ್ಗೆಯೂ ಚಿಂತಿಸದಿರುವುದೇ ಮೇಲು ಎಂಬ ಅರ್ಥದ ಮಾತನ್ನು ಗಾರ್ಫೀಲ್ಡ್ ಸ್ವತಃ ಕೆಲವು ತಿಂಗಳ ಹಿಂದೆ ಬರೆದಿದ್ದರು. ಗಾಯದೊಳಗೆ ವೈದ್ಯರು ತೊಳೆಯದ ಕೈಗಳಿಂದ ಗುಂಡನ್ನು ಹುಡುಕಿದ್ದರಿಂದ ನಂಜೇರಿ, ಸೆಪ್ಟೆಂಬರ್ 19ರಂದು ಅವರು ತೀರಿಕೊಂಡರು. ಈ ಸಾವಿನಿಂದ ಅಮೆರಿಕ ಕಲಿತ ಪಾಠ ಮಾತ್ರ ಕಾವಲಿಗೆ ಸಂಬಂಧಿಸಿದ್ದಾಗಿರಲಿಲ್ಲ. ಗಿಟೋ ತನಗೆ ರಾಯಭಾರ ಕಚೇರಿಯಲ್ಲಿ ಹುದ್ದೆ ಸಿಗಬೇಕೆಂದು ಅಲೆದು, ಸಿಗದೆ ಕೆರಳಿದವನು. ಆದ್ದರಿಂದ ಗೆದ್ದ ಪಕ್ಷ ತನ್ನವರಿಗೆ ಸರ್ಕಾರಿ ನೌಕರಿ ಹಂಚುವ ಪದ್ಧತಿಯೇ ಕೊಲೆಗೆ ಮೂಲವೆಂದು ಜನ ತೀರ್ಮಾನಿಸಿದರು, ಮತ್ತು 1883ರಲ್ಲಿ ಅರ್ಹತೆಯ ಮೇಲೆ ನೇಮಕ ಮಾಡುವ ಪೆಂಡಲ್ಟನ್ ಕಾಯಿದೆ ಬಂತು. ಒಳ್ಳೆಯ ಕಾಯಿದೆಯೇ ಹೌದು. ಆದರೆ ಮುಂದಿನ ಅಧ್ಯಕ್ಷರೂ ಹಿಂದಿನವರಷ್ಟೇ ಅರಕ್ಷಿತರಾಗಿದ್ದರು.

ಸೀಕ್ರೆಟ್ ಸರ್ವಿಸ್ ಈ ಕಥೆಯೊಳಕ್ಕೆ ಬಂದದ್ದು ಹಿಂಬಾಗಿಲಿನಿಂದ. 1894ರಲ್ಲಿ ಗ್ರೋವರ್ ಕ್ಲೀವ್‌ಲ್ಯಾಂಡ್ ಅವರಿಗೆ ಬೆದರಿಕೆಯಿದೆಯೆಂಬ ಸುದ್ದಿಯ ಜಾಡು ಹಿಡಿದ ಪತ್ತೇದಾರರು ಅವರ ಕಾವಲಿಗೂ ಆಗಾಗ ನಿಲ್ಲತೊಡಗಿದರು. ಅದಕ್ಕೆ ಆದೇಶವೂ ಇರಲಿಲ್ಲ, ಹಣವೂ ಇರಲಿಲ್ಲ. ಖೋಟಾ ನೋಟಿನ ಪತ್ತೆಗೆಂದು ಮಂಜೂರಾದ ಹಣವನ್ನು ಹೀಗೆ ಬಳಸಿದ್ದಕ್ಕೆ ಆಕ್ಷೇಪವೂ ಎದ್ದಿತು. ಇದೇ ಅರೆಬರೆ ವ್ಯವಸ್ಥೆ ವಿಲಿಯಂ ಮೆಕಿನ್ಲಿ ಅವರ ಕಾಲಕ್ಕೂ ಮುಂದುವರಿಯಿತು.

ಮೆಕಿನ್ಲಿ ಹತ್ಯೆಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಏಕೆಂದರೆ ಕಾವಲುಗಾರರು ಎದುರಿನಲ್ಲೇ ಇದ್ದಾಗ ಕೊಲೆ ನಡೆದದ್ದು ಅದೇ ಮೊದಲು. 1901ರ ಸೆಪ್ಟೆಂಬರ್ 6ರಂದು ಬಫಲೋ ನಗರದ ಪ್ಯಾನ್-ಅಮೆರಿಕನ್ ವಸ್ತುಪ್ರದರ್ಶನದಲ್ಲಿ ಅಧ್ಯಕ್ಷರು ಸಾರ್ವಜನಿಕರ ಕೈಕುಲುಕುವ ಕಾರ್ಯಕ್ರಮವಿತ್ತು. ಅವರ ಕಾರ್ಯದರ್ಶಿ ಜಾರ್ಜ್ ಕಾರ್ಟೆಲ್ಯು ಅಪಾಯವನ್ನು ಊಹಿಸಿ ಅದನ್ನು ಎರಡು ಸಲ ಪಟ್ಟಿಯಿಂದ ತೆಗೆದಿದ್ದರು; ಎರಡು ಸಲವೂ ಮೆಕಿನ್ಲಿ ಮತ್ತೆ ಸೇರಿಸಿದರು. ಸಭಾಂಗಣದಲ್ಲಿ ಸೈನಿಕರು, ಪೊಲೀಸರು, ಸೀಕ್ರೆಟ್ ಸರ್ವಿಸ್‌ನವರು ಎಲ್ಲರೂ ಇದ್ದರು. ಆದರೆ ಅಧ್ಯಕ್ಷರ ಪಕ್ಕದಲ್ಲೇ ನಿಲ್ಲಬೇಕಿದ್ದ ಅಧಿಕಾರಿ, ಪ್ರದರ್ಶನದ ಮುಖ್ಯಸ್ಥರು ಗಣ್ಯರನ್ನು ಪರಿಚಯಿಸಲು ಅನುಕೂಲವಾಗಲಿ ಎಂದು ಜಾಗ ಬಿಟ್ಟುಕೊಟ್ಟು ಎದುರಿಗೆ ಹೋಗಿ ನಿಂತಿದ್ದರು. ಸಾಲಿನಲ್ಲಿ ಬರುವವರ ಕೈಗಳು ಖಾಲಿಯಾಗಿ ಕಾಣುವಂತಿರಬೇಕೆಂಬ ನಿಯಮವಿತ್ತು. ಅಂದಿನ ಸೆಕೆಗೆ ಎಲ್ಲರೂ ಕರವಸ್ತ್ರ ಹಿಡಿದು ಬೆವರೊರೆಸಿಕೊಳ್ಳುತ್ತಿದ್ದುದರಿಂದ ಅದನ್ನು ಯಾರೂ ಪಾಲಿಸಲಿಲ್ಲ. ಲಿಯಾನ್ ಚೋಲ್ಗೋಶ್ ಎಂಬ ಅರಾಜಕತಾವಾದಿ ಯುವಕ ಬಲಗೈಗೆ ಕರವಸ್ತ್ರ ಸುತ್ತಿ, ಅದರೊಳಗೆ ರಿವಾಲ್ವರ್ ಅಡಗಿಸಿಕೊಂಡು ಬಂದು, ಒಂದು ಮಾರು ದೂರವೂ ಇಲ್ಲದ ಜಾಗದಿಂದ ಎರಡು ಗುಂಡು ಹಾರಿಸಿದ. ಅವನನ್ನು ಮೊದಲು ನೆಲಕ್ಕೆ ಕೆಡವಿದವರಲ್ಲಿ ಸಾಲಿನಲ್ಲಿ ಅವನ ಹಿಂದೆಯೇ ನಿಂತಿದ್ದ ಜೇಮ್ಸ್ ಪಾರ್ಕರ್ ಎಂಬ ಕಪ್ಪು ವರ್ಣೀಯ ಪ್ರೇಕ್ಷಕ ಒಬ್ಬರು. ಎಂಟು ದಿನಗಳ ನಂತರ ಅಧ್ಯಕ್ಷರು ತೀರಿಕೊಂಡರು.

ಮೂವತ್ತಾರು ವರ್ಷಗಳಲ್ಲಿ ಮೂರನೆಯ ಹತ್ಯೆ ಇದು. ಈ ಸಲ ಯುದ್ಧದ ಮೇಲೋ ನೌಕರಿಯ ಮೇಲೋ ಹೊರೆ ಹೊರಿಸಿ ಸುಮ್ಮನಿರುವುದು ಸಾಧ್ಯವಿರಲಿಲ್ಲ. ಫ್ರಾನ್ಸಿನ ಅಧ್ಯಕ್ಷ ಸಾಡಿ ಕಾರ್ನೋ, ಆಸ್ಟ್ರಿಯಾದ ಸಾಮ್ರಾಜ್ಞಿ ಎಲಿಜಬೆತ್, ಇಟಲಿಯ ದೊರೆ ಉಂಬರ್ಟೋ, ಇವರೆಲ್ಲ ಹಿಂದಿನ ಏಳೆಂಟು ವರ್ಷಗಳಲ್ಲಿ ಅರಾಜಕತಾವಾದಿಗಳ ಕೈಯಲ್ಲಿ ಹತರಾಗಿದ್ದರು. ಅಮೆರಿಕದ ಸಂಸತ್ತಾದ ಕಾಂಗ್ರೆಸ್ ಸೀಕ್ರೆಟ್ ಸರ್ವಿಸ್‌ಗೆ ಕಾವಲಿನ ಹೊಣೆ ಹೊರುವಂತೆ ಕೇಳಿಕೊಂಡಿತು, ಆದರೆ ಅನೌಪಚಾರಿಕವಾಗಿ. 1902ರಲ್ಲಿ ಇಬ್ಬರು ಅಧಿಕಾರಿಗಳು ಶ್ವೇತಭವನದ ಪೂರ್ಣಾವಧಿ ಕಾವಲಿಗೆ ನಿಂತರು. ಅದೇ ವರ್ಷ ಕಾಂಗ್ರೆಸ್‌ನಲ್ಲಿ ನಡೆದ ಚರ್ಚೆ ಕುತೂಹಲಕರವಾದದ್ದು: ಅಧ್ಯಕ್ಷರ ಕಾವಲನ್ನು ಭೂಸೇನೆಗೆ ವಹಿಸಬೇಕೆಂದು ಸೆನೆಟ್‌ನ ಮಸೂದೆ ಹೇಳಿದರೆ, ಪ್ರಜಾಧಿಪತ್ಯದಲ್ಲಿ ಸೈನಿಕರ ನಡುವೆ ಅಧ್ಯಕ್ಷ ಓಡಾಡುವುದು ಸಲ್ಲದೆಂದು ಪ್ರತಿನಿಧಿ ಸಭೆ ವಿರೋಧಿಸಿತು. ಅಧ್ಯಕ್ಷರ ಹತ್ಯೆಯನ್ನು ಕೇಂದ್ರ ಸರ್ಕಾರದ ಕಾನೂನಿನಡಿ ಅಪರಾಧವಾಗಿಸುವ ಪ್ರಸ್ತಾಪವೂ ಅದೇ ಮಸೂದೆಯೊಳಗಿತ್ತು, ಮತ್ತು ಎರಡು ಸದನಗಳ ನಡುವೆ ಒಮ್ಮತ ಮೂಡದೆ ಎರಡೂ ಒಟ್ಟಿಗೆ ಬಿದ್ದುಹೋದವು. ಮುಂದಿನ ಅರವತ್ತು ವರ್ಷಗಳ ಕಾಲ ಹತ್ಯೆಯ ಕಾನೂನಿನ ಆ ಅರ್ಧ ಬಿದ್ದೇ ಇತ್ತು.

ಅಲ್ಲಿಂದ ಮುಂದೆ ಹೊಣೆ ತುಣುಕು ತುಣುಕಾಗಿ ಬೆಳೆಯಿತು: 1906ರಲ್ಲಿ ಕಾವಲಿಗೆಂದೇ ಹಣ, 1913ರಲ್ಲಿ ಚುನಾಯಿತರಾಗಿ ಇನ್ನೂ ಅಧಿಕಾರ ವಹಿಸದವರಿಗೂ ರಕ್ಷಣೆ, 1917ರಲ್ಲಿ ಕುಟುಂಬಕ್ಕೂ ರಕ್ಷಣೆ, ಮತ್ತು ಅದೇ ವರ್ಷ ಅಧ್ಯಕ್ಷರಿಗೆ ಬೆದರಿಕೆ ಹಾಕುವುದೂ ಅಪರಾಧ. ಇಲ್ಲಿ ಒಂದು ವಿಚಿತ್ರವಿದೆ: 1917ರಿಂದ ಅಧ್ಯಕ್ಷರನ್ನು ಕೊಲ್ಲುತ್ತೇನೆಂದು ಪತ್ರ ಬರೆದವನನ್ನು ಕೇಂದ್ರ ಸರ್ಕಾರ ಜೈಲಿಗೆ ಕಳಿಸಬಹುದಿತ್ತು, ನಿಜವಾಗಿ ಕೊಂದವನ ವಿಚಾರಣೆ ಮಾತ್ರ ಆಯಾ ರಾಜ್ಯದ ಸಾಮಾನ್ಯ ಕೊಲೆ ಕಾನೂನಿನಡಿ ನಡೆಯಬೇಕಿತ್ತು.

1950ರ ನವೆಂಬರ್ 1ರಂದು ಬ್ಲೇರ್ ಹೌಸ್ ಮೇಲೆ ನಡೆದ ದಾಳಿಯಲ್ಲಿ ಹ್ಯಾರಿ ಟ್ರೂಮನ್ ಸುರಕ್ಷಿತವಾಗಿ ಉಳಿದರು, ಕಾವಲಿನಲ್ಲಿದ್ದ ಪೊಲೀಸ್ ಲೆಸ್ಲಿ ಕಾಫೆಲ್ಟ್ ಸತ್ತರು. ಶ್ವೇತಭವನದ ದುರಸ್ತಿ ನಡೆಯುತ್ತಿದ್ದುದರಿಂದ ಎದುರಿನ ಈ ಮನೆಯಲ್ಲಿದ್ದ ಟ್ರೂಮನ್ ಅಲ್ಲಿಯವರೆಗೆ ರಸ್ತೆ ದಾಟಿ ನಡೆದೇ ಕಚೇರಿಗೆ ಹೋಗುತ್ತಿದ್ದರು. ಆಮೇಲೆ ಆ ನೂರಾರು ಅಡಿಗೂ ಕಾರು ಬಂತು. ಅಷ್ಟರವರೆಗೆ ಅಧ್ಯಕ್ಷರ ಕಾವಲು ವರ್ಷ ವರ್ಷ ಮಂಜೂರಾಗುವ ಹಣದ ಮೇಲೆ ನಿಂತಿತ್ತೆಂಬುದು ಕಾಂಗ್ರೆಸ್‌ನ ಗಮನಕ್ಕೆ ಬಂದು, 1951ರಲ್ಲಿ ಶಾಶ್ವತ ಕಾನೂನಾಯಿತು.

ಈ ಅರ್ಧ ಶತಮಾನದ ಕಾವಲೆಲ್ಲ ಹಿಂದಿನ ಮೂವರು ಹಂತಕರನ್ನು ಮನಸ್ಸಿನಲ್ಲಿಟ್ಟುಕೊಂಡು ರೂಪುಗೊಂಡದ್ದು. ಮೂವರೂ ಕೈಬಂದೂಕು ಹಿಡಿದು ಕೈಯಳತೆಯವರೆಗೆ ಬಂದವರು. ಆದ್ದರಿಂದ ಅಧ್ಯಕ್ಷರ ಮೈಗೆ ಹತ್ತಿರ ನಿಂತು, ಹತ್ತಿರ ಬರುವವರ ಕೈಗಳನ್ನು ನೋಡುವುದೇ ಕಾವಲಿನ ತಿರುಳಾಗಿತ್ತು. 1963ರ ನವೆಂಬರ್ 22ರಂದು ಡಲ್ಲಾಸ್‌ನಲ್ಲಿ ಕುಸಿದದ್ದು ಈ ಕಲ್ಪನೆ.

ಜಾನ್ ಕೆನಡಿ ಅವರ ಮೆರವಣಿಗೆಯ ದಾರಿ ಮೂರು ದಿನ ಮೊದಲೇ ಸ್ಥಳೀಯ ಪತ್ರಿಕೆಗಳಲ್ಲಿ ಅಚ್ಚಾಗಿತ್ತು. ಜನ ಬಂದು ನೋಡಲಿ ಎಂಬುದೇ ಮೆರವಣಿಗೆಯ ಉದ್ದೇಶವಾದ್ದರಿಂದ ಅದು ತಪ್ಪೆಂದು ಯಾರಿಗೂ ತೋರಿರಲಿಲ್ಲ. ದಾರಿಯ ಇಕ್ಕೆಲಗಳ ಕಟ್ಟಡಗಳನ್ನು ತಪಾಸಿಸುವುದು ಆಗ ಸೀಕ್ರೆಟ್ ಸರ್ವಿಸ್‌ನ ರೂಢಿಯಲ್ಲೇ ಇರಲಿಲ್ಲ. ಲಿಂಕನ್ ಕಂಪನಿಯ ತೆರೆದ ಕಾರಿಗೆ ಪಾರದರ್ಶಕ ಪ್ಲಾಸ್ಟಿಕ್ ಹೊದಿಕೆಯೊಂದಿತ್ತು, ಅದು ಮಳೆಗಾಗಿ ಇದ್ದದ್ದು, ಗುಂಡು ತಡೆಯುವಂಥದ್ದಲ್ಲ. ಮೋಡ ಸರಿದದ್ದರಿಂದ ಅದನ್ನೂ ಹಾಕಿರಲಿಲ್ಲ. ಪಠ್ಯಪುಸ್ತಕ ದಾಸ್ತಾನಿನ ಕಟ್ಟಡದ ಆರನೇ ಮಹಡಿಯ ಕಿಟಕಿಯಿಂದ ಲೀ ಹಾರ್ವಿ ಓಸ್ವಾಲ್ಡ್ ರೈಫಲ್ ಹಾರಿಸಿದಾಗ ಕಾರು ಗಂಟೆಗೆ ಸುಮಾರು 18 ಕಿಲೋಮೀಟರ್ ವೇಗದಲ್ಲಿತ್ತು. ಹಿಂದಿನ ಕಾರಿನಿಂದ ಹಾರಿ ಓಡಿಬಂದ ಕಾವಲು ಅಧಿಕಾರಿ ಕ್ಲಿಂಟ್ ಹಿಲ್ ಅಧ್ಯಕ್ಷರ ಕಾರನ್ನು ಏರುವ ಹೊತ್ತಿಗೆ ಎಲ್ಲವೂ ಮುಗಿದಿತ್ತು. ಮೈಗೆ ಹತ್ತಿರ ನಿಲ್ಲುವ ಕಾವಲಿನಲ್ಲಿ ಎಷ್ಟೇ ಧೈರ್ಯವಿದ್ದರೂ ಎಂಬತ್ತು ಮೀಟರ್ ದೂರದ ಕಿಟಕಿಗೆ ಅದು ಉತ್ತರವಾಗಲಾರದು.

ಆದರೆ ಕೆನಡಿ ಹತ್ಯೆಯ ತನಿಖೆಗೆಂದು ನೇಮಕವಾದ ವಾರೆನ್ ಆಯೋಗ 1964ರ ಸೆಪ್ಟೆಂಬರ್‌ನಲ್ಲಿ ಕೊಟ್ಟ 888 ಪುಟಗಳ ವರದಿಯಲ್ಲಿ, ನನ್ನ ದೃಷ್ಟಿಯಲ್ಲಿ, ಕಿಟಕಿಗಿಂತ ಮುಖ್ಯವಾದ ಸಂಗತಿ ಬೇರೊಂದಿದೆ. ಸೋವಿಯತ್ ಒಕ್ಕೂಟಕ್ಕೆ ಹೋಗಿ ಮೂರು ವರ್ಷದೊಳಗೆ ಮರಳಿದ್ದ ಓಸ್ವಾಲ್ಡ್‌ನ ಮೇಲೆ ಕೇಂದ್ರ ತನಿಖಾ ಸಂಸ್ಥೆಯಾದ ಎಫ್‌ಬಿಐ ಕಡತ ತೆರೆದಿತ್ತು. ಅವನು ಡಲ್ಲಾಸ್‌ನಲ್ಲಿದ್ದಾನೆಂಬುದೂ, ಆ ಪುಸ್ತಕ ದಾಸ್ತಾನಿನಲ್ಲೇ ಕೆಲಸಕ್ಕಿದ್ದಾನೆಂಬುದೂ ಅಲ್ಲಿನ ಎಫ್‌ಬಿಐ ಕಚೇರಿಗೆ ತಿಳಿದಿತ್ತು. ಸೀಕ್ರೆಟ್ ಸರ್ವಿಸ್‌ಗೆ ಮಾತ್ರ ತಿಳಿದಿರಲಿಲ್ಲ. ಅಧ್ಯಕ್ಷರಿಗೆ ನೇರವಾಗಿ ಬೆದರಿಕೆ ಹಾಕಿದವರ ಹೆಸರನ್ನಷ್ಟೇ ತಿಳಿಸಬೇಕೆಂಬ ರೂಢಿಯಿತ್ತು, ಓಸ್ವಾಲ್ಡ್ ಹಾಗೆ ಬೆದರಿಸಿರಲಿಲ್ಲ. ಬೆದರಿಕೆಗಳನ್ನು ಪರಿಶೀಲಿಸುವ ಸೀಕ್ರೆಟ್ ಸರ್ವಿಸ್ ವಿಭಾಗದಲ್ಲಿ ಇದ್ದವರು ಹನ್ನೆರಡು ಮಂದಿ ತಜ್ಞರು. ಪ್ರವಾಸಕ್ಕೆ ಮುನ್ನ ಅವರು ತಮ್ಮ ಕಡತಗಳಲ್ಲಿ ಡಲ್ಲಾಸ್ ಪ್ರದೇಶದ ಅಪಾಯಕಾರಿ ವ್ಯಕ್ತಿಗಳಿಗಾಗಿ ಹುಡುಕಿದಾಗ ಒಂದು ಹೆಸರೂ ಸಿಗಲಿಲ್ಲ.

ಕಾನೂನಿನ ಕೊರತೆಯೂ ಆ ಎರಡು ದಿನಗಳಲ್ಲಿ ಬಯಲಾಯಿತು. ಟೆಕ್ಸಾಸ್ ಕಾನೂನಿನ ಪ್ರಕಾರ ಮರಣೋತ್ತರ ಪರೀಕ್ಷೆ ಅಲ್ಲೇ ಆಗಬೇಕೆಂದು ಸ್ಥಳೀಯ ವೈದ್ಯಾಧಿಕಾರಿ ಪಟ್ಟು ಹಿಡಿದರೆ, ಅಧ್ಯಕ್ಷರ ದೇಹವನ್ನು ಕಾವಲು ಅಧಿಕಾರಿಗಳು ಬಹುಮಟ್ಟಿಗೆ ಬಲದಿಂದಲೇ ವಿಮಾನಕ್ಕೆ ಸಾಗಿಸಿದರು. ಆರೋಪಿ ಡಲ್ಲಾಸ್ ಪೊಲೀಸರ ವಶದಲ್ಲೇ ಉಳಿದ, ಮತ್ತು ಅವರ ಕಟ್ಟಡದ ನೆಲಮಾಳಿಗೆಯಲ್ಲೇ ಜ್ಯಾಕ್ ರೂಬಿಯ ಗುಂಡಿಗೆ ಸತ್ತ. 1902ರಲ್ಲಿ ಬಿದ್ದುಹೋಗಿದ್ದ ಪ್ರಸ್ತಾಪ 1965ರಲ್ಲಿ ಕಾಯಿದೆಯಾಯಿತು. ಅಧಿಕಾರಿಗಳ ಸಂಖ್ಯೆ ಹೆಚ್ಚಿತು, ಬೆದರಿಕೆಯ ಕಡತಗಳು ಕಂಪ್ಯೂಟರಿಗೆ ಬಂದವು, ಮೆರವಣಿಗೆಯ ದಾರಿಯ ಕಟ್ಟಡಗಳ ತಪಾಸಣೆ ನಿಯಮವಾಯಿತು. ಕೆನಡಿ ಕುಳಿತಿದ್ದ ಕಾರನ್ನೇ ಉಕ್ಕಿನ ಕವಚ, ಗುಂಡು ನಿರೋಧಕ ಗಾಜು, ತೆಗೆಯಲಾಗದ ಮಾಡು ಹಾಕಿ ಮತ್ತೆ ಬಳಕೆಗೆ ತಂದರು. ತೆರೆದ ಕಾರಿನಲ್ಲಿ ಅಧ್ಯಕ್ಷರು ಊರು ಸುತ್ತುವ ಕಾಲ ಅಲ್ಲಿಗೆ ಮುಗಿಯಿತು. 1968ರ ಜೂನ್‌ನಲ್ಲಿ, ಅಧ್ಯಕ್ಷ ಪದವಿಗೆ ಸ್ಪರ್ಧಿಸುತ್ತಿದ್ದ ಕೆನಡಿಯ ತಮ್ಮ ರಾಬರ್ಟ್ ಕೆನಡಿ ಲಾಸ್ ಏಂಜಲಿಸ್‌ನಲ್ಲಿ ಹತರಾದ ಬೆನ್ನಿಗೇ, ಅಧ್ಯಕ್ಷ ಪದವಿಯ ಪ್ರಮುಖ ಅಭ್ಯರ್ಥಿಗಳಿಗೂ ರಕ್ಷಣೆ ವಿಸ್ತರಿಸಿತು. ಹಾಗೆ ರಕ್ಷಣೆಯಿದ್ದ ಅಭ್ಯರ್ಥಿ ಜಾರ್ಜ್ ವಾಲೇಸ್ ಅವರೇ 1972ರಲ್ಲಿ ಜನರ ಕೈಕುಲುಕುವಾಗ ಗುಂಡು ತಿಂದು ಜೀವನಪೂರ್ತಿ ಗಾಲಿಕುರ್ಚಿಯಲ್ಲಿ ಉಳಿದರು.

1981ರ ಮಾರ್ಚ್ 30ರಂದು ರೊನಾಲ್ಡ್ ರೇಗನ್ ವಾಷಿಂಗ್ಟನ್‌ನ ಹಿಲ್ಟನ್ ಹೋಟೆಲಿನಿಂದ ಹೊರಬಂದು ಕಾರು ಹತ್ತಲು ನಡೆಯಬೇಕಿದ್ದದ್ದು ಹತ್ತಾರು ಹೆಜ್ಜೆ ಮಾತ್ರ. ಅಷ್ಟೇ ದೂರಕ್ಕೆ ಗುಂಡು ನಿರೋಧಕ ಅಂಗಿ ಬೇಡವೆಂದು ಅವರು ತೊಟ್ಟಿರಲಿಲ್ಲ. ಸುಮಾರು ಹದಿನೈದು ಅಡಿ ದೂರದ ಹಗ್ಗದಾಚೆ ವರದಿಗಾರರ ನಡುವೆ ನಿಂತಿದ್ದ ಜಾನ್ ಹಿಂಕ್ಲಿಯನ್ನು ಯಾರೂ ತಪಾಸಣೆ ಮಾಡಿರಲಿಲ್ಲ, ಏಕೆಂದರೆ ತಪಾಸಣೆಯಿದ್ದದ್ದು ಸಭಾಂಗಣದ ಒಳಗೆ ಹೋಗುವವರಿಗೆ. ಅವನು 1.7 ಸೆಕೆಂಡಿನಲ್ಲಿ ಆರು ಗುಂಡು ಹಾರಿಸಿದ. ಟಿಮ್ ಮೆಕಾರ್ಥಿ ಎಂಬ ಅಧಿಕಾರಿ ಬಂದೂಕಿನ ಕಡೆಗೇ ತಿರುಗಿ ಮೈ ಹರವಿ ನಿಂತು ಒಂದು ಗುಂಡನ್ನು ತಾನೇ ತೆಗೆದುಕೊಂಡರು. ಜೆರಿ ಪಾರ್ ಅಧ್ಯಕ್ಷರನ್ನು ಕಾರಿನೊಳಕ್ಕೆ ನೂಕಿದರು. ಗುಂಡಿನ ಸದ್ದು ಕೇಳಿದೊಡನೆ ಬಗ್ಗಿ ಅಡಗುವುದು ಮನುಷ್ಯನ ಸಹಜ ಪ್ರವೃತ್ತಿಯಾದರೆ, ಅದನ್ನು ಮೀರಿ ಎದೆಯೊಡ್ಡಿ ನಿಲ್ಲುವಂತೆ ಮೈಗೂಡಿಸುವ ತರಬೇತಿ ಅಂದು ಫಲ ಕೊಟ್ಟಿತು. ಆದರೂ ಒಂದು ಗುಂಡು ಅಧ್ಯಕ್ಷರಿಗೆ ತಗಲಿತು, ಮತ್ತು ಅದು ನೇರವಾಗಿ ಬಂದದ್ದಲ್ಲ: ಡಲ್ಲಾಸ್‌ನ ನಂತರ ಕಡ್ಡಾಯವಾದ ಕಾರಿನ ಕವಚಕ್ಕೆ ಬಡಿದು, ಪುಟಿದು, ತೆರೆದ ಬಾಗಿಲಿನ ಸಂದಿಯಲ್ಲಿ ನುಗ್ಗಿ ಅವರ ತೋಳಿನ ಕೆಳಗೆ ಹೊಕ್ಕಿತು. ಶ್ವೇತಭವನದತ್ತ ಹೊರಟಿದ್ದ ಕಾರನ್ನು, ಅಧ್ಯಕ್ಷರ ಬಾಯಲ್ಲಿ ನೊರೆರಕ್ತ ಕಂಡ ಪಾರ್ ಆಸ್ಪತ್ರೆಗೆ ತಿರುಗಿಸಿದ್ದರಿಂದ ರೇಗನ್ ಬದುಕಿದರು. ಇಲ್ಲಿಯೂ ಹಳೆಯ ಕತೆ ಮರುಕಳಿಸಿತ್ತು: 1980ರ ಅಕ್ಟೋಬರ್‌ನಲ್ಲಿ ಜಿಮ್ಮಿ ಕಾರ್ಟರ್ ನ್ಯಾಶ್‌ವಿಲ್ ನಗರದಲ್ಲಿದ್ದ ದಿನವೇ ಹಿಂಕ್ಲಿ ಅಲ್ಲಿನ ವಿಮಾನ ನಿಲ್ದಾಣದಲ್ಲಿ ಮೂರು ಕೈಬಂದೂಕುಗಳೊಂದಿಗೆ ಸಿಕ್ಕಿಬಿದ್ದಿದ್ದ, ಆ ಸಂಗತಿ ಎಫ್‌ಬಿಐಯಿಂದ ಸೀಕ್ರೆಟ್ ಸರ್ವಿಸ್‌ಗೆ ತಲುಪಿರಲಿಲ್ಲ. ರೇಗನ್ ಮೇಲಿನ ದಾಳಿಯ ನಂತರ, ಅಧ್ಯಕ್ಷರ ಹತ್ತಿರ ಬರುವ ಪ್ರತಿಯೊಬ್ಬರೂ ಮೆಟಲ್ ಡಿಟೆಕ್ಟರ್ ಹಾದು ಬರುವುದು ಸಾಮಾನ್ಯ ನಿಯಮವಾಯಿತು, ಕಾರು ಹತ್ತುವ ಜಾಗವೇ ಜನರ ಕಣ್ಣಿನಿಂದ ಮರೆಯಾಯಿತು.

ಇಂದು ಕಣ್ಣಿಗೆ ಬೀಳುವ ಕಪ್ಪು ಕನ್ನಡಕದ ಅಂಗರಕ್ಷಕರು ಈ ವ್ಯವಸ್ಥೆಯ ಕೊನೆಯ ಸುತ್ತು ಮಾತ್ರ. ಅಧ್ಯಕ್ಷರು ಊರಿಗೆ ಬರುವ ಎಷ್ಟೋ ದಿನ ಮೊದಲು ಮುಂಗಡ ತಂಡ ಬಂದು, ದಾರಿ, ಕಟ್ಟಡ, ಛಾವಣಿ, ಗಾಯಗೊಂಡರೆ ಹೋಗಬೇಕಾದ ಆಸ್ಪತ್ರೆ ಎಲ್ಲವನ್ನೂ ಗೊತ್ತುಮಾಡುತ್ತದೆ. ಸ್ಥಳದಲ್ಲಿ ಒಂದರೊಳಗೊಂದು ಮೂರು ಸುತ್ತುಗಳಿರುತ್ತವೆ: ಹೊರಗೆ ಸ್ಥಳೀಯ ಪೊಲೀಸರು, ನಡುವೆ ತಪಾಸಣೆ, ಒಳಗೆ ಅಂಗರಕ್ಷಕರು, ಎತ್ತರದಲ್ಲಿ ದೂರದ ಬಂದೂಕುಗಾರರನ್ನು ಹುಡುಕುವ ಗುರಿಕಾರರು. ಇವೆಲ್ಲಕ್ಕೂ ಮೊದಲು ಬರುವುದು, ದಾಳಿಗೆ ಹೊರಡುವ ಮುನ್ನವೇ ದಾಳಿಕಾರನನ್ನು ಗುರುತಿಸುವ ಕೆಲಸ. 1949ರಿಂದ ಈಚೆಗೆ ಅಮೆರಿಕದಲ್ಲಿ ಗಣ್ಯರ ಮೇಲೆ ದಾಳಿ ಮಾಡಿದ ಅಥವಾ ಮಾಡಹೊರಟ 83 ಮಂದಿಯನ್ನು ಕುರಿತು ಸೀಕ್ರೆಟ್ ಸರ್ವಿಸ್ 1990ರ ದಶಕದಲ್ಲಿ ಅಧ್ಯಯನ ನಡೆಸಿದಾಗ, ಹಂತಕನಿಗೆ ಒಂದು ಸಿದ್ಧ ಚಹರೆಯಿಲ್ಲವೆಂಬುದೂ, ದಾಳಿ ಮಾಡುವವರು ಗುರಿಯಾದ ವ್ಯಕ್ತಿಗೆ ಮುಂಚಿತವಾಗಿ ನೇರ ಬೆದರಿಕೆ ಹಾಕುವುದು ಅಪರೂಪವೆಂಬುದೂ ತಿಳಿದುಬಂತು. ನೇರ ಬೆದರಿಕೆಯನ್ನೇ ಅಳತೆಗೋಲಾಗಿಸಿಕೊಂಡಿದ್ದ 1963ರ ರೂಢಿ ಎಷ್ಟು ಟೊಳ್ಳಾಗಿತ್ತೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ನಡುವೆ ಗೋಡೆಗಳೂ ಬೆಳೆದವು. ಒಕ್ಲಹಾಮ ನಗರದ ಬಾಂಬ್ ಸ್ಫೋಟದ ಬಳಿಕ 1995ರ ಮೇನಲ್ಲಿ ಶ್ವೇತಭವನದ ಮುಂದಿನ ಪೆನ್ಸಿಲ್ವೇನಿಯಾ ಅವೆನ್ಯೂ ವಾಹನಗಳಿಗೆ ಮುಚ್ಚಿತು. 2014ರಲ್ಲಿ ಬೇಲಿ ಹಾರಿದವನೊಬ್ಬ ಭವನದ ಒಳಕೋಣೆಯವರೆಗೆ ಓಡಿದ ಮೇಲೆ ಬೇಲಿಯ ಎತ್ತರವೇ ಇಮ್ಮಡಿಯಾಯಿತು. ಅದಕ್ಕೂ ಮೊದಲು, ಕಾವಲು ಅಷ್ಟೆಲ್ಲ ಇದ್ದೂ, 2009ರ ನವೆಂಬರ್‌ನಲ್ಲಿ ನಮ್ಮ ಆಗಿನ ಪ್ರಧಾನಿ ಮನಮೋಹನ್ ಸಿಂಗ್ ಅವರ ಗೌರವಾರ್ಥ ನಡೆದ ಔತಣಕ್ಕೆ ಆಹ್ವಾನವಿಲ್ಲದ ದಂಪತಿ ಸಿಂಗರಿಸಿಕೊಂಡು ಬಂದು ಒಬಾಮ ಅವರ ಕೈಕುಲುಕಿ ಹೋದರು. ಮೆಟಲ್ ಡಿಟೆಕ್ಟರ್ ದಾಟಿಯೇ ಬಂದಿದ್ದರು. ಅತಿಥಿಗಳ ಪಟ್ಟಿಯಲ್ಲಿ ಹೆಸರಿದೆಯೇ ಎಂದು ಮಾತ್ರ ಯಾರೂ ಖಚಿತಪಡಿಸಿಕೊಂಡಿರಲಿಲ್ಲ.

2024ರ ಜುಲೈ 13ರಂದು ಪೆನ್ಸಿಲ್ವೇನಿಯಾದ ಬಟ್ಲರ್‌ನಲ್ಲಿ ಡೊನಾಲ್ಡ್ ಟ್ರಂಪ್ ಮೇಲೆ ನಡೆದ ದಾಳಿಯಲ್ಲಿ ಡಲ್ಲಾಸ್‌ನ ಎರಡೂ ದೋಷಗಳು ಒಟ್ಟಿಗೆ ಮರಳಿದವು. ವೇದಿಕೆಯಿಂದ 150 ಮೀಟರ್‌ಗಿಂತ ಕಡಿಮೆ ದೂರದಲ್ಲಿ, ನೇರ ನೋಟಕ್ಕೆ ಸಿಗುವ ಕಟ್ಟಡದ ಛಾವಣಿಯನ್ನು ಭದ್ರತಾ ಸುತ್ತಿನ ಹೊರಗೆ ಬಿಡಲಾಗಿತ್ತು. ಇಪ್ಪತ್ತು ವರ್ಷದ ಥಾಮಸ್ ಮ್ಯಾಥ್ಯೂ ಕ್ರುಕ್ಸ್ ಅಲ್ಲಿ ಅನುಮಾನಾಸ್ಪದವಾಗಿ ಸುಳಿದಾಡುವುದನ್ನು ಸ್ಥಳೀಯ ಪೊಲೀಸರು ಬಹಳ ಮೊದಲೇ ಕಂಡಿದ್ದರು, ಅವನ ಚಿತ್ರವನ್ನೂ ತೆಗೆದಿದ್ದರು. ಆದರೆ ಅವರ ನಿಯಂತ್ರಣ ಕೇಂದ್ರ ಬೇರೆ, ಸೀಕ್ರೆಟ್ ಸರ್ವಿಸ್‌ನದು ಬೇರೆ. ಅವರ ವೈರ್‌ಲೆಸ್ ಮಾತು ಇವರಿಗೆ ಕೇಳುತ್ತಿರಲಿಲ್ಲ. ಟ್ರಂಪ್ ಅವರ ಕಿವಿಗೆ ಗಾಯವಾಯಿತು, ಸಭಿಕರೊಬ್ಬರು ಸತ್ತರು, ಇಬ್ಬರು ತೀವ್ರವಾಗಿ ಗಾಯಗೊಂಡರು. ಹತ್ತು ದಿನಗಳಲ್ಲಿ ಸಂಸ್ಥೆಯ ನಿರ್ದೇಶಕಿ ಕಿಂಬರ್ಲಿ ಚೀಟಲ್ ರಾಜೀನಾಮೆ ನೀಡಿದರು. ಆಗಸ್ಟ್‌ನಿಂದ ಬಯಲು ಸಭೆಗಳಲ್ಲಿ ಅಭ್ಯರ್ಥಿಯ ಸುತ್ತ ಗುಂಡು ನಿರೋಧಕ ಗಾಜು ಬಂತು. ಸೆಪ್ಟೆಂಬರ್‌ನಲ್ಲಿ ಪ್ರತಿನಿಧಿ ಸಭೆ 405 ಮತಗಳಿಂದ, ಒಂದೂ ವಿರೋಧವಿಲ್ಲದೆ, ಪ್ರಮುಖ ಅಭ್ಯರ್ಥಿಗಳ ಭದ್ರತೆಗೂ ಅಧ್ಯಕ್ಷರ ಭದ್ರತೆಯ ಮಾನದಂಡವನ್ನೇ ಅನ್ವಯಿಸುವ ಮಸೂದೆಯನ್ನು ಒಪ್ಪಿತು, ಅಕ್ಟೋಬರ್ 1ಕ್ಕೆ ಅದು ಕಾಯಿದೆಯಾಯಿತು. ಬಟ್ಲರ್‌ನಲ್ಲಿ ಕೊರತೆಯಿದ್ದದ್ದು ಗಾಜಿನದೋ ಕಾಯಿದೆಯದೋ ಅಲ್ಲ, ಒಬ್ಬರಿಗೆ ಗೊತ್ತಿದ್ದದ್ದು ಇನ್ನೊಬ್ಬರಿಗೆ ತಲುಪದಿದ್ದದ್ದು. ಪ್ರತಿನಿಧಿ ಸಭೆಯ ಉಭಯ ಪಕ್ಷಗಳ ತನಿಖಾ ಸಮಿತಿ ಆ ಡಿಸೆಂಬರ್‌ನಲ್ಲಿ ಕೊಟ್ಟ ವರದಿಯೂ ಈ ಘಟನೆಯನ್ನು ತಡೆಯಬಹುದಿತ್ತೆಂದು ಹೇಳಿ, ಯೋಜನೆಯ ಲೋಪದ ಜೊತೆಗೆ ಈ ಸಂಪರ್ಕದ ಲೋಪವನ್ನೂ ಹೆಸರಿಸಿತು.